ಏಳು ತಿಂಗಳಾತು, ಗೂಗಲ್‌ನ್ಯಾಗ ನಮ್ಮ ರೊಟ್ಟಿ ವೆಬ್‌ಸೈಟ್ ಕಾಣವಲ್ದು, ಯಾರರ ನೋಡಿ ಹೇಳ್ರಿ

ಚಿಂಚವಡ_ರೊಟ್ಟಿ
ನಮಸ್ಕಾರ್ರಿ ಎಲ್ಲಾರಿಗೂ. ನಾ ವಿಜಯಪುರ ಕಡಿಯಾಂವ, ಪುಣೆ ಬಾಜೂಕಿನ ಚಿಂಚವಡಕ್ಕ ಬಂದು ಹದಿನೆಂಟ ವರ್ಷ ಆತು. ನಮ್ಮವ್ವ ಮತ್ತ ನಮ್ಮ ಮನಿಯಾಕಿ ಸೇರಿ ಮನ್ಯಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಮಾಡಿ ಮಾರ್ತಾರ. ದೀಪಾವಳಿ ಮುಂದ ಕೈ ಬಿಡುವ ಇರಂಗಿಲ್ಲ, ಉಳದ ದಿನ ಅಷ್ಟಕ್ಕಷ್ಟ. ಅದಕ್ಕ ಹೋದ ವರ್ಷ ಒಂದ ಏಜೆನ್ಸಿಯವರ ಕಡಿಂದ ವೆಬ್‌ಸೈಟ್ ಮಾಡ್ಸಿದೆ, ಎಸ್‌ಇಒ (ಗೂಗಲ್‌ನ್ಯಾಗ ಮ್ಯಾಲ ಕಾಣೂ ಹಂಗ ಮಾಡೂ ಕೆಲಸ) ಸೇರಿಸಿ 28 ಸಾವಿರ ತಗೊಂಡ್ರು, ಆರ ತಿಂಗಳದಾಗ ಫಸ್ಟ್ ಪೇಜ್ ಗ್ಯಾರಂಟಿ ಅಂದಿದ್ರು. ಫಸ್ಟ್ ಪೇಜ್ ಇರ್ಲಿ ಬಿಡ್ರಿ, ಹತ್ತನೇ ಪೇಜಿನ್ಯಾಗೂ ಇಲ್ಲ. ಫೋನ್ ಮಾಡಿದ್ರ ಈಗ ಕಂಟೆಂಟ್ ಕಮ್ಮಿ ಐತಿ ಸರ್, ಇನ್ನ 40 ಪೇಜ್ ಹಾಕೂಣು, ವಾಕಡ, ಹಿಂಜವಡಿ, ಬಾಣೇರ ಅಂತ ಏರಿಯಾಕ್ಕ ಒಂದೊಂದ, 15 ಸಾವಿರ ಆಗ್ತೈತಿ ಅನ್ನಾಕತ್ತಾರ. ಕೊಡ್ಲ್ಯೋ ಬ್ಯಾಡೋ? ಹೋಮ್ ಪೇಜಿನ ಮೊದಲ ಪ್ಯಾರಾ ಹಾಕೀನಿ ನೋಡ್ರಿ:

"ವೆಲ್ಕಮ್ ಟು ಬೆಸ್ಟ್ ಜೋಳದ ರೊಟ್ಟಿ ಇನ್ ಪುಣೆ. ಇಫ್ ಯು ಆರ್ ಲುಕಿಂಗ್ ಫಾರ್ ಬೆಸ್ಟ್ ಜೋಳದ ರೊಟ್ಟಿ ಇನ್ ಪುಣೆ, ಯು ಹ್ಯಾವ್ ಕಮ್ ಟು ದಿ ರೈಟ್ ಪ್ಲೇಸ್ ಫಾರ್ ಬೆಸ್ಟ್ ಜೋಳದ ರೊಟ್ಟಿ ಇನ್ ಪುಣೆ."

ಮಾಟುಂಗಾ_ಮಾಣಿ
ಅಯ್ಯೋ ಮಾರಾಯ್ರೆ, ಇದು ಓದಿ ನನಗೆ ತಲೆ ತಿರುಗಿತು, ಗೂಗಲ್‌ನ ಕತೆ ಬಿಡಿ. ನಾನು ಈಗ ಅಂಧೇರಿಯಲ್ಲಿ ಇದೇ ಕೆಲಸ ಮಾಡುದು, ಒಂಬತ್ತು ವರ್ಷ ಆಯ್ತು (ಅದಕ್ಕೆ ಮುಂಚೆ ಮಾಟುಂಗಾದ ಹೋಟ್ಲಲ್ಲಿ ನಿಜವಾಗ್ಲೂ ಮಾಣಿಯೇ, ಹೆಸರು ಹಾಗಾಗಿ ಉಳ್ಕೊಂಡದ್ದು). ಒಂದೇ ಶಬ್ದ ಒತ್ತಿ ಒತ್ತಿ ತುಂಬುದು ಹಳೇ ಕಾಲದ ವಿದ್ಯೆ, 2011ರಲ್ಲಿ ಗೂಗಲ್‌ನ ಪಾಂಡಾ ಅಂತ ಒಂದು ಅಪ್‌ಡೇಟ್ ಬಂತು, ಆ ಹೊತ್ತಿಗೇ ಈ ನಮೂನೆ ಪೇಜುಗಳೆಲ್ಲ ಮಕಾಡೆ ಮಲಗಿದ್ದು. ಈಗಂತೂ ಇದನ್ನು ಸ್ಪ್ಯಾಮ್ ಅಂತ ಗೂಗಲೇ ಅದರ ಪಾಲಿಸಿಯಲ್ಲಿ ಬರೆದಿಟ್ಟಿದೆ. 40 ಏರಿಯಾ ಪೇಜ್ ಅಂದ್ರೂ ಅಷ್ಟೇ, ಊರ ಹೆಸರು ಮಾತ್ರ ಬದಲು ಮಾಡಿ ಬಾಕಿ ಎಲ್ಲ ಅದೇ ಇಟ್ರೆ ಅದಕ್ಕೆ ಡೋರ್‌ವೇ ಪೇಜ್ ಅಂತ ಹೆಸರುಂಟು, ಅದೂ ಸ್ಪ್ಯಾಮ್ ಪಟ್ಟಿಯಲ್ಲೇ ಉಂಟು. 15 ಸಾವಿರ ಕೊಟ್ಟು ಮೈಮೇಲೆ ಎಳ್ಕೊಳ್ಬೇಡಿ. ಮತ್ತೆ ಫಸ್ಟ್ ಪೇಜ್ ಗ್ಯಾರಂಟಿ ಅಂತ ಯಾರು ಹೇಳಿದ್ರೂ ಚಾ ಕುಡಿಸಿ ಕಳಿಸಿ, ಒಂದನೇ ನಂಬರಿನ ಗ್ಯಾರಂಟಿ ಯಾರಿಗೂ ಕೊಡ್ಲಿಕ್ಕೆ ಆಗುದಿಲ್ಲ ಅಂತ ಗೂಗಲೇ ಹೇಳ್ತದೆ.

ವಾಸ್ಕೋ_ಗಾಡಿ
ಬರದ್ರೆಲ್ಲಾ ಏನೂ ಆಗಂಗಿಲ್ರಿ. ನಾ ಗೋವಾದಾಗ ಟ್ಯಾಕ್ಸಿ ನಡಸ್ತೀನಿ, ಒಂದ ಅಕ್ಷರ ಬರೀಲಿಲ್ಲ, ಮ್ಯಾಪಿನ್ಯಾಗ ಹೆಸರ ಹಾಕೀನಿ, ಫೋನ್ ಬರ್ತಾವ. ರೊಟ್ಟಿಗೆ ಯಾಕ ಬೇಕ ವೆಬ್‌ಸೈಟು.

ಕೋಥ್ರೂಡ್_ಕೋಡು
ಎಲ್ರೂ ಒಂದ್ನಿಮಿಷ ತಡೀರಿ. ಹತ್ತನೇ ಪೇಜಲ್ಲೂ ಇಲ್ಲ ಅಂದ್ರೆ ಕಂಟೆಂಟ್ ಕೆಟ್ಟದಾಗಿದೆ ಅನ್ನೋದಕ್ಕಿಂತ ಮುಂಚೆ ಸೈಟು ಗೂಗಲ್ ಒಳಗೆ ಇದೆಯಾ ಅಂತ ನೋಡ್ಬೇಕಲ್ವಾ. ರೊಟ್ಟಿ ಅಣ್ಣ, ಗೂಗಲ್‌ನಲ್ಲಿ ಇಂಗ್ಲಿಷ್‌ನಲ್ಲಿ ಸೈಟ್ ಅಂತ ಟೈಪ್ ಮಾಡಿ ಕೋಲನ್ ಹಾಕಿ ಗ್ಯಾಪ್ ಬಿಡದೆ ನಿಮ್ಮ ಡೊಮೇನ್ ಹಾಕಿ, ಏನ್ ಬರುತ್ತೆ ಹೇಳಿ. ಸೈಟ್ ಕಟ್ಟಿರೋದು ವರ್ಡ್‌ಪ್ರೆಸ್ ಅನ್ನೋ ಸಾಫ್ಟ್‌ವೇರಲ್ಲಿ ಆಗಿದ್ರೆ ಸೆಟ್ಟಿಂಗ್ಸ್‌ಗೆ ಹೋಗಿ ರೀಡಿಂಗ್ ಒತ್ತಿ, ಕೆಳಗಡೆ "ಡಿಸ್ಕರೇಜ್ ಸರ್ಚ್ ಎಂಜಿನ್ಸ್" ಅಂತ ಒಂದು ಚೆಕ್‌ಬಾಕ್ಸ್ ಇರುತ್ತೆ, ಅದರಲ್ಲಿ ಟಿಕ್ ಇದೆಯಾ ನೋಡಿ.

ಚಿಂಚವಡ_ರೊಟ್ಟಿ
ಏನೂ ಬರಲಿಲ್ಲ. ಸೊನ್ನಿ. ಆ ಡಬ್ಬಿ ಒಳಗ ಟಿಕ್ ಐತ್ರಿ.

ಕೋಥ್ರೂಡ್_ಕೋಡು
😐
ತೆಗೀರಿ ಅದನ್ನ, ಸೇವ್ ಮಾಡಿ. ಸೈಟ್ ಕಟ್ಟುವಾಗ ಅರ್ಧಂಬರ್ಧ ಪೇಜು ಹೊರಗೆ ಕಾಣಬಾರದು ಅಂತ ಹಾಕಿರ್ತಾರೆ, ಲೈವ್ ಮಾಡೋವಾಗ ತೆಗಿಯೋದು ಮರ್ತಿದ್ದಾರೆ. ಅದು ಪ್ರತಿ ಪೇಜಿಗೂ ನೋಇಂಡೆಕ್ಸ್, ಅಂದ್ರೆ ಪಟ್ಟಿಗೆ ಸೇರಿಸ್ಬೇಡಿ, ಅಂತ ಬೋರ್ಡ್ ನೇತಾಕುತ್ತೆ, ಗೂಗಲ್ ಬಂದು ಬೋರ್ಡ್ ಓದಿ ವಾಪಸ್ ಹೋಗುತ್ತೆ. ಏಳು ತಿಂಗಳು ಅಂಗಡಿ ಶಟರ್ ಎಳ್ದು ಒಳಗೆ ಕೂತಿದ್ರಿ ನೀವು. ಈಗ ಸರ್ಚ್ ಕನ್ಸೋಲ್ ಅನ್ನೋ ಗೂಗಲ್‌ನವರದೇ ಟೂಲ್‌ನಲ್ಲಿ ಸೈಟ್ ಸೇರ್ಸಿ, ಫ್ರೀನೇ ಅದು, ಹೋಮ್ ಪೇಜ್ ಅಡ್ರೆಸ್ ಹಾಕಿ ರಿಕ್ವೆಸ್ಟ್ ಇಂಡೆಕ್ಸಿಂಗ್ ಒತ್ತಿ. ಇವತ್ತೇ ಬರಲ್ಲ, ಕೆಲವು ದಿನದಿಂದ ಕೆಲವು ವಾರ ಹಿಡಿಯುತ್ತೆ.

ಚಿಂಚವಡ_ರೊಟ್ಟಿ
ಅವ್ವಗ ಹೇಳಿದೆ. "28 ಸಾವಿರ ತಗೊಂಡು ಒಂದ ಗೆರಿ ತಗಿಯೂದ ಮರತ್ರ್ಯಾ" ಅಂದ್ಳು, ಮುಂದ ಅಂದದ್ದ ಇಲ್ಲಿ ಬರಿಯಾಕ ಬರಂಗಿಲ್ಲ.

ಠಾಣೆ_ಅಕ್ಕ
ಟಿಕ್ ತೆಗೆದಿದ್ದು ಒಳ್ಳೇದಾಯ್ತು, ಆದ್ರೆ ಆ ಪ್ಯಾರಾ ಇಟ್ಕೊಂಡು ಗೂಗಲ್ ಒಳಗೆ ಹೋದ್ರೂ ಅಲ್ಲೇ ಮೂಲೇಲಿ ಕೂತಿರ್ತೀರಿ. ನಾನು ಕಂಟೆಂಟ್ ರೈಟರ್, ಅದಕ್ಕೆ ಒಂದು ಮಾತು ಕೇಳ್ತೀನಿ. ಪುಣೆಯವರು ಜೋಳದ ರೊಟ್ಟಿ ಅಂತ ಹುಡುಕ್ತಾರಾ? ನಮ್ಮ ಸೊಸೈಟೀಲಿ ನಾನು ರೊಟ್ಟಿ ಅಂದ್ರೆ ಮರಾಠಿ ಅಕ್ಕಪಕ್ಕದವರು ತಂದೂರಿ ರೋಟಿ ಅಂದ್ಕೋತಾರೆ, ಅವರ ಬಾಯಲ್ಲಿ ಅದು ಭಾಕರಿ, ಒಣಗಿದ್ದು ಕಡಕ್ ಭಾಕರಿ, ಸೊಲ್ಲಾಪುರದ ಕಡೆಯವರಾದ್ರೆ ಶೇಂಗಾ ಚಟ್ನಿ ಜೊತೆ ಅದನ್ನೇ ಕೇಳೋದು. ನಿಮ್ಮ ಇಡೀ ಸೈಟಲ್ಲಿ ಭಾಕರಿ ಅನ್ನೋ ಶಬ್ದ ಎಷ್ಟು ಸಲ ಇದೆ?

ಚಿಂಚವಡ_ರೊಟ್ಟಿ
ಒಂದ ಸಲಾನೂ ಇಲ್ರಿ ಅಕ್ಕಾರ. ಅಂಗಡಿಗೆ ಬಂದವರೆಲ್ಲಾ ಭಾಕರಿ ಅಂತಾನ ಕೇಳ್ತಾರ, ನಾವೂ ಮರಾಠಿ ಮಾತಾಡೂವಾಗ ಭಾಕರಿ ಅಂತೀವಿ. ವೆಬ್‌ಸೈಟ್ ಅಂದಕೂಡ್ಲೆ ಅದ್ಯಾಕ ಹೊಳೀಲಿಲ್ಲೊ.

ಮಾಟುಂಗಾ_ಮಾಣಿ
ಎಲ್ಲರಿಗೂ ಆಗುದು ಹಾಗೇ. ಅಂಗಡಿಯಲ್ಲಿ ಗಿರಾಕಿಯ ಭಾಷೆ, ವೆಬ್‌ಸೈಟಲ್ಲಿ ಮದುವೆ ಕಾಗದದ ಭಾಷೆ. ಒಂದು ಕೆಲಸ ಮಾಡಿ, ಇನ್‌ಕಾಗ್ನಿಟೋ ವಿಂಡೋ ತೆಗೆದು ಭಾಕರಿ ಅಂತ ಇಂಗ್ಲಿಷ್ ಅಕ್ಷರದಲ್ಲಿ ಅರ್ಧ ಬರೆದು ಬಿಡಿ, ಕೆಳಗೆ ಗೂಗಲ್ ಎಂತ ಎಂತ ತೋರಿಸ್ತದೆ ಬರ್ಕೊಳ್ಳಿ. ಆಮೇಲೆ ದೇವನಾಗರಿಯಲ್ಲಿ ಹಾಗೇ ಮಾಡಿ. ದುಡ್ಡಿನ ಟೂಲ್ ಎಂತದೂ ಬೇಡ ಈಗ.

ಆದ್ರೆ ಒಂದು ಸೂಕ್ಷ್ಮ ಉಂಟು. ಮಧ್ಯಾಹ್ನ ಒಂದು ಗಂಟೆಗೆ "ಭಾಕರಿ ನಿಯರ್ ಮಿ" ಅಂತ ಹುಡುಕುವ ಜನಕ್ಕೆ ಹಸಿವಾಗಿದೆ, ಅವನಿಗೆ ಬಿಸಿ ಭಾಕರಿ, ಪಿಠಲ, ಠೇಚಾ ಬೇಕು, ಕೂತು ಉಣ್ಣಲಿಕ್ಕೆ ಮೇಜು ಬೇಕು. ನಿಮ್ಮ ಒಣ ರೊಟ್ಟಿ ಡಬ್ಬ ಅವನಿಗಲ್ಲ. "ಕಡಕ್ ಭಾಕರಿ ಆನ್‌ಲೈನ್" ಅಂತ ಹುಡುಕುವವ ನಿಮ್ಮವ. ಹತ್ತು ಸಾವಿರ ಜನ ಹುಡುಕುವ ಶಬ್ದದ ಹಿಂದೆ ಓಡಿ ಸುಸ್ತಾಗುದಕ್ಕಿಂತ ನಲ್ವತ್ತೇ ಜನ ಹುಡುಕಿದ್ರೂ ನಿಮ್ಮ ಮಾಲೇ ಬೇಕು ಅನ್ನುವವರ ಶಬ್ದ ಹಿಡೀರಿ.

ಡೊಂಬಿವಲಿ_ರಾಯರು
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಸಂಘದ ಹಳೆಯ ಸ್ಮರಣಿಕೆಗಳನ್ನೆಲ್ಲ ಜಾಲತಾಣಕ್ಕೆ ಹಾಕಿದ್ದೇವೆ, ಇಪ್ಪತ್ತು ವರ್ಷದ ಲೇಖನಗಳು. ಕನ್ನಡದಲ್ಲಿ ಲೇಖನದ ಶೀರ್ಷಿಕೆಯನ್ನು ಇದ್ದಂತೆಯೇ ಹಾಕಿ ಹುಡುಕಿದರೂ ಒಂದೂ ಸಿಗುವುದಿಲ್ಲ. ನಮ್ಮದೂ ಟಿಕ್ ಸಮಸ್ಯೆಯೇ?

ಕೋಥ್ರೂಡ್_ಕೋಡು
ರಾಯರೇ, ಯಾವುದರಲ್ಲಿ ಟೈಪ್ ಮಾಡಿದ್ದು? ಹಳೇ ನುಡಿನೋ ಬರಹನೋ? ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ.

ಡೊಂಬಿವಲಿ_ರಾಯರು
ಹಳೆಯ ನುಡಿ. ನೋಟ್‌ಪ್ಯಾಡಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಿಚಡಿ ಬರುತ್ತಿದೆ, ನಡುನಡುವೆ ಪೌಂಡ್ ಗುರುತು ಬೇರೆ.

ಕೋಥ್ರೂಡ್_ಕೋಡು
ಅದೇ ಮತ್ತೆ. ಯೂನಿಕೋಡ್ ಅಲ್ಲದ ಹಳೇ ಫಾಂಟ್‌ಗಳಲ್ಲಿ ಫೈಲ್ ಒಳಗೆ ಕನ್ನಡ ಇರೋದೇ ಇಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರ್ಸಿರ್ತಾರೆ ಅಷ್ಟೆ. ನಿಮ್ಮ ಕಣ್ಣಿಗೆ "ಕನ್ನಡ" ಅಂತ ಕಾಣೋದು ಗೂಗಲ್‌ಗೆ ಪಿ, ತಲೆ ಮೇಲೆ ಗೆರೆ ಇರೋ ಎ, ಪೌಂಡ್ ಗುರುತು, ಇನ್ನೇನೋ. ಅದು ಹುಡುಕೋರಿಗೆ ಹೇಗೆ ಸಿಗುತ್ತೆ ಹೇಳಿ. ನುಡಿಯಿಂದ ಯೂನಿಕೋಡ್‌ಗೆ ಬದಲಾಯಿಸೋ ಕನ್ವರ್ಟರ್‌ಗಳು ಫ್ರೀ ಸಿಗ್ತವೆ, ಹಾಕಿ ತೆಗೆದ್ಮೇಲೆ ಒತ್ತಕ್ಷರ, ಅರ್ಕಾವೊತ್ತು ಒಂದ್ಸಲ ಕಣ್ಣಾಡಿಸ್ಬೇಕು, ಅಲ್ಲಲ್ಲಿ ಎಡವುತ್ತೆ. ಸಂಘದ ಹುಡುಗರಿಗೆ ಆಳಿಗೊಂದು ಸಂಚಿಕೆ ಹಂಚಿಬಿಡಿ. ಆಮೇಲೆ ಪಿಡಿಎಫ್ ಆಗಿ ಬಿಡ್ಬೇಡಿ, ಒಂದು ಲೇಖನಕ್ಕೆ ಒಂದು ಪೇಜ್ ಮಾಡಿ, ಶೀರ್ಷಿಕೆ ಟೈಟಲ್ ಜಾಗದಲ್ಲಿ ಬರ್ಲಿ. ಪೇಜಿನ ಅಡ್ರೆಸ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಡಿ. ಕನ್ನಡದಲ್ಲಿ ಇಟ್ರೆ ತಪ್ಪಿಲ್ಲ, ಗೂಗಲ್‌ಗೆ ಓದೋಕೆ ಬರುತ್ತೆ, ಆದ್ರೆ ವಾಟ್ಸ್ಯಾಪ್‌ಗೆ ಕಾಪಿ ಮಾಡಿದಾಗ ಒಂದೊಂದು ಅಕ್ಷರ, ಒಂದೊಂದು ಕೊಂಬು, ಇಳಿ ಎಲ್ಲಾ ಪರ್ಸೆಂಟ್ ಗುರುತು ಸೇರಿ ಒಂಬತ್ತೊಂಬತ್ತು ಅಕ್ಷರ ಆಗಿ ಲಿಂಕ್ ಹಾವಿನ ಥರ ಉದ್ದ ಆಗುತ್ತೆ, ಜನ ವೈರಸ್ ಅಂದ್ಕೊಂಡು ಒತ್ತಲ್ಲ.

ಡೊಂಬಿವಲಿ_ರಾಯರು
ಬಹಳ ಉಪಕಾರವಾಯಿತು. ಇಪ್ಪತ್ತು ವರ್ಷದ ಬರಹ ನಮಗೆ ಮಾತ್ರ ಕಾಣುತ್ತಿತ್ತೇ! ಭಾನುವಾರ ಸಭೆ ಇದೆ, ಎತ್ತುತ್ತೇನೆ.

ಚಿಂಚವಡ_ರೊಟ್ಟಿ
ಅಕ್ಕಾರ, ಮಾಣಿಯವ್ರ, ಪ್ಯಾರಾ ಹೊಸಾದ ಬರಿಯಾಕ ಕುಂತೆ, ಏನ ಬರಿಬೇಕ ತಿಳೀವಲ್ದು. ಎಐಗೆ ಕೇಳಿದ್ರ ಎರಡ ಸಾವಿರ ಶಬ್ದ ಬರದ ಕೊಡ್ತು, ಜೋಳದ ಇತಿಹಾಸ, ಪೌಷ್ಟಿಕಾಂಶ, ಎಲ್ಲಾ ಐತಿ. ಹಾಕಲಿ? ಉದ್ದ ಇದ್ರ ಮ್ಯಾಲ ಬರ್ತೈತಿ ಅಂತ ಯಾರೋ ಅಂದ್ರು.

ಠಾಣೆ_ಅಕ್ಕ
ಇಷ್ಟೇ ಶಬ್ದ ಬೇಕು ಅಂತ ಗೂಗಲ್‌ಗೆ ಯಾವ ಲೆಕ್ಕಾನೂ ಇಲ್ಲ, ಅವರ ಡಾಕ್ಯುಮೆಂಟಲ್ಲೇ ಹಾಗಂತ ಇದೆ. ಎಐ ಬರೆದಿದ್ದು ಅನ್ನೋ ಒಂದೇ ಕಾರಣಕ್ಕೆ ತಳ್ಳೋದೂ ಇಲ್ಲ, ಆದ್ರೆ ಎಲ್ಲಾ ಕಡೆ ಇರೋದನ್ನೇ ರಾಶಿ ರಾಶಿ ಹಾಕಿದ್ರೆ ತಳ್ತಾರೆ, 2024ರ ಮಾರ್ಚ್‌ನಲ್ಲಿ ಅದಕ್ಕೇ ಅಂತ ಸ್ಪ್ಯಾಮ್ ನಿಯಮ ತಂದ್ರು. ನನ್ನ ಹೊಟ್ಟೆಪಾಡಿಗೂ ಅದೇ ಕಲ್ಲು ಬಿದ್ದಿದೆ ಅಂತಿಟ್ಕೊಳ್ಳಿ, ಇರಲಿ. ಜೋಳದ ಇತಿಹಾಸ ಓದೋಕೆ ನಿಮ್ಮ ಸೈಟಿಗೆ ಯಾರು ಬರ್ತಾರೆ ತಮ್ಮಾ? ಫೋನಲ್ಲಿ ಗಿರಾಕಿಗಳು ಏನೇನ್ ಕೇಳ್ತಾರೆ ಅಂತ ಒಂದು ವಾರ ಬರೆದಿಡು. ಫೋನ್ ಎತ್ತೋದು ನೀನಲ್ಲದಿದ್ರೆ ಅವ್ವನ್ನೋ ನಿನ್ನ ಹೆಂಡತಿನೋ ಕೇಳು.

ವಾಸ್ಕೋ_ಗಾಡಿ
ಈ ಮಾತಿಗೆ ನಂದೊಂದ ಸೇರಸ್ತೀನಿ, ಮೊದಲ ಬಾಯಿ ಮಾಡಿದ್ದಕ್ಕ ಸಿಟ್ಟಾಗಬ್ಯಾಡ್ರಿ. ಮ್ಯಾಪಿನ್ಯಾಗ ಹೆಸರ ಹಾಕಿದ್ನಲ್ಲ, ಮದಲ ಬರೇ ನಮ್ಮ ಟ್ರಾವೆಲ್ಸ್ ಹೆಸರಿತ್ತು. ಶಾಣ್ಯಾತನ ಮಾಡಾಕ ಹೋಗಿ ಅದರ ಮುಂದ ಬೆಸ್ಟ್ ಚೀಪ್ ಟ್ಯಾಕ್ಸಿ ಗೋವಾ ಏರ್‌ಪೋರ್ಟ್ 24 ಅವರ್ಸ್ ಅಂತ ಉದ್ದಕ ಸೇರಿಸಿದೆ. ಡಿಸೆಂಬರ್ ಸೀಜನ್ನಿನ್ಯಾಗ ಲಿಸ್ಟಿಂಗ್ ಸಸ್ಪೆಂಡ್ ಆತು, ಇಪ್ಪತ್ತ ದಿನ ಫೋನ್ ಸುಮ್ಮ ಕುಂತಿತ್ತು. ಬೋರ್ಡಿನ ಮ್ಯಾಲ ಇದ್ದ ಹೆಸರನ್ನ ಹಾಕಬೇಕಂತ, ರೂಲ್ಸ್ ಓದಿರಲಿಲ್ಲ, ತಪ್ಪ ನಂದ. ರೊಟ್ಟಿ ಅಣ್ಣಾರ, ನೀವು ಮ್ಯಾಪಿನ್ಯಾಗ ಹಾಕ್ರಿ, ಆದ್ರ ಹೆಸರಿಗೆ ಬಾಲ ಹಚ್ಚಬ್ಯಾಡ್ರಿ.

ಇನ್ನೊಂದ, 2023ರ ಜನವರಿಗೆ ಮೋಪಾ ಏರ್‌ಪೋರ್ಟ್ ಸುರು ಆತು. ಗೋವಾ ಏರ್‌ಪೋರ್ಟ್ ಅಂದ್ರ ಈಗ ಎರಡು. ಜನಾ ದಾಬೋಲಿಮ್ ಅಂತ ತಿಳ್ಕೊಂಡು ಬುಕ್ ಮಾಡ್ತಾರ, ಇಳಿಯೂದು ಮೋಪಾದಾಗ, ಆಮ್ಯಾಲ ಬಾಡಿಗಿ ಕೇಳಿ ಜಗಳ. ದಿನಾ ಇದ ರಗಳಿ. ಇದನ್ನ ಬರದ ಹಾಕಿದ್ರ ಜನಾ ಓದ್ತಾರೇನ್ರಿ?

ಮಾಟುಂಗಾ_ಮಾಣಿ
ಓದ್ತಾರೆ ಅಂದ್ರೆ! ಗಾಡಿಯವರೇ, ನಿಮ್ಮ ಪೇಜು ಅದೇ. ಮೋಪಾದಿಂದ ವಾಸ್ಕೋಗೆ, ಮಡಗಾಂವಿಗೆ, ಪಾಲೋಲೆಮಿಗೆ ಎಷ್ಟು ಹೊತ್ತು, ಎಷ್ಟು ಬಾಡಿಗೆ, ಟಿಕೆಟಲ್ಲಿ ಯಾವ ಏರ್‌ಪೋರ್ಟ್ ಅಂತ ಹೇಗೆ ನೋಡುದು, ಅಷ್ಟು ಬರೀರಿ ಸಾಕು. ಒಂದಕ್ಷರ ಬರೀಲಿಲ್ಲ ಅಂತ ಹೇಳ್ಕೊಂಡು ತಿರುಗುವವರ ಹತ್ರವೇ ಬರೀಲಿಕ್ಕೆ ಜಾಸ್ತಿ ಇರುದು 😄

ಚಿಂಚವಡ_ರೊಟ್ಟಿ
(ಒಂದ ವಾರ ಆತು)
ಬರದ ಇಟ್ಟೇವ್ರಿ, ನಮ್ಮ ಮನಿಯಾಕಿ ಕ್ಯಾಲೆಂಡರ್ ಹಿಂದ ಬರದಾಳ. ಇವು ಮತ್ತ ಮತ್ತ ಬಂದಾವ: ಎಷ್ಟ ದಿನ ಇರ್ತಾವ. ಕೊರಿಯರ್‌ದಾಗ ಮುರಿಯಂಗಿಲ್ಲೇನು. ಮೆತ್ತಗ ಮಾಡಿ ಕೊಡ್ತೀರೇನು. ಜ್ವಾಳ ಯಾವುದು, ಮಾಲದಂಡಿ ಹೌದಲ್ಲೊ. ಮಗಳ ಅಮೆರಿಕಾಕ್ಕ ಹೊಂಟಾಳ, ಬ್ಯಾಗಿನ್ಯಾಗ ಒಯ್ಯಾಕ ಬರ್ತೈತೇನು. ಮತ್ತ ಮೂರ ಮಂದಿ ಗ್ಲುಟೆನ್ (ಗೋದಿಯೊಳಗಿನ ಅಂಟು) ಫ್ರೀ ಏನು ಅಂತ ಕೇಳ್ಯಾರ. ಜ್ವಾಳದಾಗ ಗ್ಲುಟೆನ್ ಇರಂಗಿಲ್ಲ ಅಂತ ಎಲ್ಲಾ ಕಡೆ ಐತಿ, ಅದಕ್ಕ ಟೈಟಲ್‌ದಾಗ 100% ಗ್ಲುಟೆನ್ ಫ್ರೀ ಅಂತ ಹಾಕೂಣೇನು? ಅದನ್ನ ಭಾಳ ಮಂದಿ ಹುಡುಕ್ತಾರಂತ.

ಠಾಣೆ_ಅಕ್ಕ
ಹಿಟ್ಟು ಎಲ್ಲಿ ಬೀಸಿಸ್ತೀರಿ?

ಚಿಂಚವಡ_ರೊಟ್ಟಿ
ಓಣ್ಯಾಗಿನ ಗಿರಣ್ಯಾಗ. ಅವ್ವಗ ಕೇಳಿದೆ, ನಮ್ಮಕಿಂತ ಮದಲ ಗೋದಿ ಬೀಸಿರ್ತಾರ, ಮದಲಿನ ಒಂದ ಸೇರ ಹಿಟ್ಟ ಬ್ಯಾರೆ ಇಡ್ತೀನಿ ಅಂದ್ಳು. ತಿಳೀತ್ರಿ ಅಕ್ಕಾರ. ಹಾಕಂಗಿಲ್ಲ.

ಠಾಣೆ_ಅಕ್ಕ
ಹಾಕಬೇಡ. ಸೀಲಿಯಾಕ್ (ಗ್ಲುಟೆನ್ ಆಗದ ಕಾಯಿಲೆ) ಇರೋ ಮಗುಗೆ ಅಷ್ಟು ಗೋದಿ ಹಿಟ್ಟೇ ಸಾಕು, ಹೊಟ್ಟೆ ಕೆಡುತ್ತೆ. ಈಗ ಅವ್ವ ಹೇಳಿದ್ದನ್ನೇ ಬರಿ, ಜೋಳದಲ್ಲಿ ಗ್ಲುಟೆನ್ ಇಲ್ಲ, ಆದ್ರೆ ನಮ್ಮ ಗಿರಣಿಯಲ್ಲಿ ಗೋದಿನೂ ಬೀಸ್ತಾರೆ, ಸೀಲಿಯಾಕ್ ಇದ್ದವರು ತಗೋಬೇಡಿ ಅಂತ. ಒಂದು ನಾಲ್ಕು ಆರ್ಡರ್ ಹೋಗುತ್ತೆ, ಹೋಗಲಿ. ಗೂಗಲ್‌ನವರು ಪೇಜುಗಳ ಗುಣಮಟ್ಟ ನೋಡೋ ಜನರಿಗೆ ಕೊಡೋ ಕೈಪಿಡೀಲಿ 2022ರ ಡಿಸೆಂಬರ್‌ನಲ್ಲಿ ಸ್ವಂತ ಅನುಭವ ಅನ್ನೋದನ್ನ ಸೇರ್ಸಿದ್ರು. ಆ ಗಿರಣಿ ಮಾತು ಎಐಗೆ ಗೊತ್ತಿಲ್ಲ, ನಿಮ್ಮ ಏಜೆನ್ಸಿಗೂ ಗೊತ್ತಿಲ್ಲ.

ಚಿಂಚವಡ_ರೊಟ್ಟಿ
ಇದನ್ನ ಹಾಕೀನಿ, ಮರಾಠಿಯೊಳಗೊಂದ ಪೇಜ್, ಇಂಗ್ಲಿಷಿನ್ಯಾಗೊಂದ, ಇದು ಕನ್ನಡದ್ದು:

"ನಮ್ಮದು ಒಣಗಿಸಿದ ಖಡಕ್ ಜೋಳದ ರೊಟ್ಟಿ, ಪುಣೆದಾಗ ಕಡಕ್ ಭಾಕರಿ ಅಂತಾರ. ಮೆತ್ತನ ಬಿಸಿ ಭಾಕರಿ ನಾವು ಮಾಡಂಗಿಲ್ಲ. ಮಾಲದಂಡಿ ಜ್ವಾಳದ ಹಿಟ್ಟು, ಬಿಸಿ ನೀರು, ಇಷ್ಟ, ಉಪ್ಪು ಸೈತ ಇಲ್ಲ. ಕೈಲೆ ಬಡದು, ಹಂಚಿನ ಮ್ಯಾಲ ಬೇಯಿಸಿ, ಬಿದಿರ ಬುಟ್ಯಾಗ ಒಂದ ದಿನ ಆರಸ್ತೀವಿ. ಗಾಳಿ ಆಡಲಾರದ ಡಬ್ಬ್ಯಾಗ ಇಟ್ರ ತಿಂಗಳ ಇರ್ತಾವ, ಮಳಿಗಾಲದಾಗ ಹದಿನೈದ ದಿನದಾಗ ಮುಗಸ್ರಿ. 25 ರೊಟ್ಟಿ ಡಬ್ಬಾ 300 ರೂಪಾಯಿ. ಕೊರಿಯರ್‌ದಾಗ ಒಂದೆರಡು ಮುರೀತಾವ, ಅದಕ್ಕ 27 ಹಾಕಿ ಕಳಸ್ತೀವಿ."

ಮಾಟುಂಗಾ_ಮಾಣಿ
ಆ 27ರ ಸಾಲು ಉಂಟಲ್ಲ, ಅದನ್ನು ನಾನು ಎಷ್ಟು ದುಡ್ಡು ತಗೊಂಡ್ರೂ ಬರೀಲಿಕ್ಕೆ ಆಗುದಿಲ್ಲ. ಈಗ ಟೈಟಲಲ್ಲಿ ಕಡಕ್ ಜ್ವಾರಿ ಭಾಕರಿ, ಚಿಂಚವಡ, ಕೊರಿಯರ್ ಅಂತ ಬರುವ ಹಾಗೆ ಮಾಡಿ, ವಾಟ್ಸ್ಯಾಪ್ ಬಟನ್ ಮೇಲೆಯೇ ಇರ್ಲಿ. ಮೆಟಾ ಡಿಸ್ಕ್ರಿಪ್ಷನ್, ಅಂದ್ರೆ ಪೇಜಿನ ಬಗ್ಗೆ ಕೋಡಲ್ಲಿ ಬರೆದಿಡುವ ಚಿಕ್ಕ ವಿವರಣೆ, ಅದರಿಂದ ರ‍್ಯಾಂಕ್ ಏರುದಿಲ್ಲ, ಆದ್ರೆ ರಿಸಲ್ಟಿನ ಕೆಳಗೆ ಅದು ಕಂಡ್ರೆ ಜನ ಓದಿ ಒತ್ತುತ್ತಾರೆ, ಅಲ್ಲಿ 27 ರೊಟ್ಟಿ ಹಾಕಿ. ಮೆಟಾ ಕೀವರ್ಡ್ಸ್ (ಕೋಡಲ್ಲಿ ಅಡಗಿರುವ ಶಬ್ದಪಟ್ಟಿ) ಅಂತ ಏಜೆನ್ಸಿಯವರು ಅರವತ್ತು ಶಬ್ದ ತುಂಬಿಸಿದ್ದಾರೆ ನೋಡಿದೆ, ಅದನ್ನು ನಾವು ನೋಡುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿ ಆಗಿದೆ.

ಕೋಥ್ರೂಡ್_ಕೋಡು
ಆ ರೊಟ್ಟಿ ಫೋಟೋ 6 ಎಂಬಿ ಇದೆ ಅಣ್ಣ, ನನ್ನ ಫೋನಲ್ಲಿ ಪೇಜ್ ತೆರೆಯೋಷ್ಟರಲ್ಲಿ ರೊಟ್ಟಿ ಒಣಗೋಗುತ್ತೆ. ಮುಖ್ಯ ಚಿತ್ರ ಎರಡೂವರೆ ಸೆಕೆಂಡ್ ಒಳಗೆ ಕಾಣಬೇಕು ಅಂತ ಗೂಗಲ್ ಲೆಕ್ಕ. ವೆಬ್‌ಪಿ (ಫೋಟೋ ಸೈಜ್ ಕಮ್ಮಿ ಮಾಡೋ ಫಾರ್ಮ್ಯಾಟ್) ಮಾಡಿ 150 ಕೆಬಿಗೆ ಇಳ್ಸಿ. ಮೂರು ಭಾಷೆ ಪೇಜಿಗೂ ಹ್ರೆಫ್‌ಲ್ಯಾಂಗ್ (ಯಾವ ಪೇಜ್ ಯಾವ ಭಾಷೇದು ಅಂತ ಗೂಗಲ್‌ಗೆ ಹೇಳೋ ಗುರುತು) ಹಾಕಿ ಕೊಡ್ತೀನಿ, ಶನಿವಾರ ಲಾಗಿನ್ ಕೊಡಿ, ಪಾಸ್‌ವರ್ಡ್ ಇಲ್ಲಿ ಹಾಕ್ಬೇಡಿ ದಯವಿಟ್ಟು.

ಚಿಂಚವಡ_ರೊಟ್ಟಿ
(ಎರಡ ತಿಂಗಳ ಆದ ಮ್ಯಾಲ)
ಹೇಳಬೇಕಂತ ಬಂದೆ. ಸರ್ಚ್ ಕನ್ಸೋಲಿನ್ಯಾಗ ನೋಡಿದ್ರ ಮರಾಠಿ ಪೇಜು ಕಡಕ್ ಭಾಕರಿ ಚಿಂಚವಡ ಅನ್ನೂದಕ್ಕ ನಾಕನೇ ನಂಬರಿಗೆ ಐತಿ, ಬರೇ ಕಡಕ್ ಭಾಕರಿ ಅನ್ನೂದಕ್ಕ 23, ಅದಕ್ಕ ಇನ್ನ ಟೈಮ್ ಬೇಕು. ಕನ್ನಡ ಪೇಜಿಗೆ ಬರೂದು ಸ್ವಲ್ಪ ಮಂದಿ, ಆದ್ರ ಬಂದವ್ರು ಫೋನ್ ಮಾಡೇ ಮಾಡ್ತಾರ, ಮಾಡಿ ಮದಲ ಊರ ಯಾವುದು ಅಂತ ಕೇಳ್ತಾರ. ಒಬ್ರು ನೀವು 27 ಕಳಸ್ತೀರಂತ ಓದೀನಿ, ನನಗ 27ನೂ ಮುರೀಲಾರದಂಗ ಬಂದಾವ, ಎರಡರ ರೊಕ್ಕ ಹಾಕಲೇನು ಅಂದ್ರು.

ಒಂದ ಚಮತ್ಕಾರ ಏನಂದ್ರ, ನಾವು ಎಲ್ಲೂ ಬರದೇ ಇಲ್ಲ, ಭಾಕರಿ ಪೀಠ (ಮರಾಠಿಯೊಳಗ ಪೀಠ ಅಂದ್ರ ಹಿಟ್ಟು) ಅಂತ ಹುಡುಕಿ ಭಾಳ ಮಂದಿಗೆ ನಮ್ಮ ಪೇಜ್ ಕಾಣಾಕತ್ತೈತಿ. ಹಿಟ್ಟಿಗೂ ಒಂದ ಪೇಜ್ ಮಾಡೂಣೇನು?

ಮಾಟುಂಗಾ_ಮಾಣಿ
ಹಿಟ್ಟು ಮಾರ್ತೀರಾ? ಮಾರುದಾದ್ರೆ ಬರೀರಿ, ಇಲ್ಲದಿದ್ರೆ ಬಂದವರು ಬೈದು ಹೋಗ್ತಾರೆ.

ಚಿಂಚವಡ_ರೊಟ್ಟಿ
ಅವ್ವಗ ಕೇಳಿದೆ. "ಹಿಟ್ಟ ಮಾರಿದ್ರ ರೊಟ್ಟಿ ಯಾರ ತಗೋತಾರಲೇ" ಅಂದ್ಳು. ಮನಿಯಾಕಿ ಮಾರೂಣು ಅನ್ನಾಕತ್ತಾಳ. ಒಳಗ ಇನ್ನ ನಡದೈತಿ, ಮುಗದ ಮ್ಯಾಲ ಹೇಳ್ತೀನ್ರಿ.

ಡೊಂಬಿವಲಿ_ರಾಯರು
ಎರಡು ಡಬ್ಬಾ ಡೊಂಬಿವಲಿಗೆ ಕಳಿಸಿ. ಸ್ಮರಣಿಕೆ ಕೆಲಸಕ್ಕೆ ಹುಡುಗರು ಭಾನುವಾರ ನಮ್ಮ ಮನೆಗೇ ಬರುತ್ತಿದ್ದಾರೆ, 2004ರ ಸಂಚಿಕೆಯಲ್ಲಿ ಅರ್ಕಾವೊತ್ತು ತಿದ್ದುತ್ತಿದ್ದೇವೆ.